ಜಾಸ್ತಿ ಬಣ್ಣ ಆಯ್ತು ಅನ್ನೋರಿಗೆ

ಎಸ್ಟೋನಿಯಾದ ಹೊಸ ಪೀಳಿಗೆಯ ಪೇಂಟರ್‌ಗಳಲ್ಲಿ ಕೆಲವರು ಒಂದು ಜಾತಿಯ ಚಿತ್ರ ಬಿಡಿಸ್ತಾರೆ. ಗುಲಾಬಿ ಆಕಾಶ, ನಿಂಬೆಹಳದಿ ಮುಖ, ಕರಗಿ ಕೆಳಗಿಳೀತಾ ಇರೋ ಕಾರ್ಟೂನ್ ಕಣ್ಣು, ನಡುವೆ ಎಲ್ಲೋ ವಿಡಿಯೋ ಗೇಮ್‌ನಿಂದ ಎದ್ದು ಬಂದಂಥ ಅಣಬೆ. ಇಂಥದ್ದೊಂದನ್ನ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ತೋರಿಸಿ ನೋಡಿ. ಬರೋ ಮಾತು ನಾನು ಮೊದಲೇ ಬರೆದುಕೊಡ್ತೀನಿ. "ಗಾಂಜಾ ಗಿರಾಕಿ ಗುರು ಇವನು." "ಟೀ ಶರ್ಟ್ ಮೇಲೆ ಪ್ರಿಂಟ್ ಹಾಕಿಸಬಹುದು." "ಅಮೆರಿಕದವರು ಅರವತ್ತರ ದಶಕದಲ್ಲೇ ಮಾಡಿ ಬಿಸಾಕಿದ್ದು, ಇದು ಅದರ ಕಾಪಿ." ಎರಡು ಮೂರು ವರ್ಷದಿಂದ ಇನ್ನೊಂದು ಸೇರಿಕೊಂಡಿದೆ: "ಪ್ರಾಂಪ್ಟ್ ಕೊಟ್ರೆ ಹತ್ತು ಸೆಕೆಂಡಲ್ಲಿ ಇದರಪ್ಪನಂಥದ್ದು ಬರುತ್ತೆ."

ನಾಲ್ಕೂ ಮಾತಿನ ಬುಡದಲ್ಲಿ ಇರೋದು ಒಂದೇ ನಂಬಿಕೆ. ಬಣ್ಣ ಜಾಸ್ತಿಯಾದ್ರೆ ತೂಕ ಕಮ್ಮಿ. ಗಂಭೀರವಾದ ಕಲೆ ಅಂದ್ರೆ ಕಂದು, ಬೂದು, ಕಪ್ಪು. ಅದರ ಪಕ್ಕದಲ್ಲಿ ಅರ್ಥವಾಗದ ಒಂದು ಪ್ಯಾರಾ ಇಂಗ್ಲಿಷು. ಕಾರ್ಟೂನು, ಜಾಹೀರಾತು, ಪಾಪ್ ಹಾಡಿನ ಕವರ್ ಇವೆಲ್ಲ ಕ್ಯಾನ್ವಾಸ್ ಮೇಲೆ ಬಂದರೆ ಚಿತ್ರಕಾರ ಇನ್ನೂ ದೊಡ್ಡವನಾಗಿಲ್ಲ ಅಂತ ಲೆಕ್ಕ. ಈ ಲೆಕ್ಕದ ಮೇಲೆ ನನಗೆ ಸಿಟ್ಟಿದೆ. ಅದು ತಪ್ಪು ಅಂತ ತೋರಿಸೋಕೆ ಎಸ್ಟೋನಿಯಾದಷ್ಟು ಒಳ್ಳೆ ಜಾಗ ಬೇರೆ ಇಲ್ಲ.

ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಆ ದೇಶ ಗೊತ್ತಿರೋದೇ ಬೇರೆ ಕಾರಣಕ್ಕೆ. ಸ್ಕೈಪ್‌ನ ಕೋಡ್ ಬರೆದ ಎಂಜಿನಿಯರುಗಳು ಅಲ್ಲಿಯವರು. 2014ರಲ್ಲಿ ಇ-ರೆಸಿಡೆನ್ಸಿ ಶುರು ಮಾಡಿದ್ದು ಅವರು. ಸರ್ಕಾರಿ ಕೆಲಸ ಎಲ್ಲ ಆನ್‌ಲೈನ್ ಅಂತ ಪ್ರತಿ ಎರಡನೇ ಕಾನ್ಫರೆನ್ಸ್‌ನಲ್ಲಿ ಅವರ ಸ್ಲೈಡ್ ಬಂದೇ ಬರುತ್ತೆ. ಸುಮಾರು 13 ಲಕ್ಷ ಜನ ಇರೋ ದೇಶ ಅದು, ಬೆಂಗಳೂರಿನ ಒಂದಿಷ್ಟು ಬಡಾವಣೆ ಸೇರಿಸಿದರೆ ಅಷ್ಟಾಗುತ್ತೆ. ಕೆಲಸದ ಮೇಲೆ ನಾನು ಮೂರು ವಾರ ಟಾಲಿನ್‌ನಲ್ಲಿದ್ದೆ, ಚಳಿಗಾಲದಲ್ಲಿ. ಡಿಸೆಂಬರ್ ಕೊನೆಗೆ ಅಲ್ಲಿ ಹಗಲು ಅನ್ನೋದು ಆರು ಗಂಟೆ ಅಷ್ಟೇ. ಅದೂ ಹಗಲಲ್ಲ, ಬೂದಿ ಬಣ್ಣದ ಬೆಳಕು. ಎಲ್ಲಾದ್ರೂ ಬೆಚ್ಚಗೆ ಕೂತರೆ ಸಾಕು ಅಂತ ಕುಮು ಮ್ಯೂಸಿಯಂ ಒಳಗೆ ಹೋದೆ. ಬೆಚ್ಚಗಿರೋಕೆ ಅಂತ ಹೋದವನು ಎರಡನೇ ಸಲ ಚಿತ್ರ ನೋಡೋಕೆ ಅಂತಲೇ ಹೋದೆ.

ಗಾಂಜಾ ಮಾತನ್ನ ಮೊದಲು ಮುಗಿಸಿಬಿಡೋಣ, ಅದಕ್ಕೆ ಜಾಸ್ತಿ ಹೊತ್ತು ಬೇಡ. ಸೈಕೆಡೆಲಿಕ್ ಅನ್ನೋ ಪದ ಹುಟ್ಟಿದ್ದು 1950ರ ದಶಕದಲ್ಲಿ, ಹಂಫ್ರಿ ಆಸ್ಮಂಡ್ ಅನ್ನೋ ಮನೋವೈದ್ಯ ಲೇಖಕ ಆಲ್ಡಸ್ ಹಕ್ಸ್‌ಲಿ ಜೊತೆ ಪತ್ರ ಬರೆದುಕೊಳ್ತಾ ಇದ್ದಾಗ. ಪದಕ್ಕೆ ಔಷಧಿಯ ನಂಟಿದೆ, ಇಲ್ಲ ಅನ್ನಲ್ಲ. ಆದರೆ ಅರವತ್ತರ ದಶಕದ ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣು ಕುಕ್ಕೋ ಪೋಸ್ಟರ್‌ಗಳನ್ನ ಮಾಡಿದವರಲ್ಲಿ ದೊಡ್ಡ ಹೆಸರು ವಿಕ್ಟರ್ ಮೊಸ್ಕೋಸೋ. ಆತ ಯೇಲ್ ವಿಶ್ವವಿದ್ಯಾಲಯದಲ್ಲಿ ಬಣ್ಣ ಕಲಿತದ್ದು ಜೋಸೆಫ್ ಆಲ್ಬರ್ಸ್ ಅನ್ನೋ ಮೇಷ್ಟ್ರ ಹತ್ತಿರ. ಬಣ್ಣದ ಪಕ್ಕ ಬಣ್ಣ ಇಟ್ಟರೆ ಏನಾಗುತ್ತೆ ಅಂತ ಜೀವಮಾನ ಪೂರ್ತಿ ಚೌಕ ಬರೆದು ನೋಡಿದ ಶಿಸ್ತಿನ ಮನುಷ್ಯ ಆತ. ಆ ಪೋಸ್ಟರ್‌ಗಳು ನಡುಗೋದಕ್ಕೆ ಕಾರಣ ಸರಳ. ಕೆಂಪು-ಹಸಿರು, ಕಿತ್ತಳೆ-ನೀಲಿ ಹೀಗೆ ಎದುರು ಬದುರು ನಿಲ್ಲೋ ಎರಡು ಬಣ್ಣ ತಗೊಳ್ಳಿ, ಎರಡರ ಹೊಳಪನ್ನೂ ಸಮ ಮಾಡಿ, ಅಕ್ಕಪಕ್ಕ ಇಡಿ. ಅಂಚು ಎಲ್ಲಿದೆ ಅಂತ ಗುರುತು ಹಿಡಿಯೋಕೆ ನಮ್ಮ ಕಣ್ಣು-ಮಿದುಳು ಹೆಚ್ಚಾಗಿ ನಂಬೋದು ಹೊಳಪಿನ ವ್ಯತ್ಯಾಸವನ್ನ. ಆ ವ್ಯತ್ಯಾಸವೇ ಇಲ್ಲದಿದ್ದರೆ ಅಂಚು ಅಲುಗಾಡಿದ ಹಾಗೆ ಕಾಣುತ್ತೆ. ಕಪ್ಪು ಬಿಳುಪಿನಲ್ಲಿ ಅದೇ ಪೋಸ್ಟರಿನ ಫೋಟೋ ತೆಗೆದರೆ ಅಕ್ಷರ ಮಾಯ. ನಶೆಯಲ್ಲಿ ಕೂತವನಿಗೆ ಇಷ್ಟು ಅಳತೆ ಮಾಡಿ ಬಣ್ಣ ಕಲಸೋಕಾಗಲ್ಲ ಸ್ವಾಮಿ.

ಕಾಪಿ ಅನ್ನೋ ಮಾತು ಮಾತ್ರ ಹಗುರವಾಗಿ ಬಿಡೋ ಹಾಗಿಲ್ಲ. ಅದಕ್ಕೆ 1969ಕ್ಕೆ ಹೋಗಬೇಕು.

ಆಗ ಎಸ್ಟೋನಿಯಾ ಸೋವಿಯತ್ ಒಕ್ಕೂಟದ ಹಿಡಿತದಲ್ಲಿತ್ತು. ಇಪ್ಪತ್ತು ವರ್ಷ ಹಿಂದೆ, 1949ರ ಮಾರ್ಚ್‌ನಲ್ಲಿ, ಕೆಲವೇ ದಿನಗಳಲ್ಲಿ ಅಲ್ಲಿಂದ 20,000ಕ್ಕೂ ಹೆಚ್ಚು ಜನರನ್ನ ರೈಲಿಗೆ ತುಂಬಿ ಸೈಬೀರಿಯಾಕ್ಕೆ ಕಳಿಸಿದ್ದರು. ಅವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು, ಮುದುಕರು. ಅಂಥ ಮನೆಗಳ ನೆನಪಿನಲ್ಲೇ ಬೆಳೆದ ಪೀಳಿಗೆ ಅದು. ಚಿತ್ರಕಲೆಗೆ ಸರ್ಕಾರಿ ನಿಯಮ ಸಮಾಜವಾದಿ ವಾಸ್ತವವಾದ: ನಗ್ತಾ ಇರೋ ಟ್ರ್ಯಾಕ್ಟರ್ ಡ್ರೈವರ್, ಗೋಧಿ ಹೊರೆ ಹೊತ್ತ ಹೆಣ್ಣುಮಗಳು, ದೂರದ ದಿಗಂತ ನೋಡೋ ನಾಯಕ. 1962ರಲ್ಲಿ ಮಾಸ್ಕೋದ ಮಾನೇಜ್ ಪ್ರದರ್ಶನಕ್ಕೆ ಬಂದ ಕ್ರುಶ್ಚೇವ್ ಹೊಸ ರೀತಿಯ ಚಿತ್ರ ಬಿಡಿಸಿದವರಿಗೆ ಎಲ್ಲರ ಮುಂದೆ ಬಾಯಿಗೆ ಬಂದ ಹಾಗೆ ಬೈದದ್ದು ಎಲ್ಲ ಕಲಾವಿದರಿಗೂ ಗೊತ್ತಿತ್ತು.

ಇಂಥ ಹೊತ್ತಿನಲ್ಲಿ ಟಾಲಿನ್‌ನ ಪೆಗಾಸಸ್ ಅನ್ನೋ ಕೆಫೆಯಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗರು ಒಂದು ಪ್ರದರ್ಶನ ಇಟ್ಟರು. ಲಿಯೊನ್‌ಹಾರ್ಡ್ ಲಾಪಿನ್, ಆಂಡ್ರೆಸ್ ಟೋಲ್ಟ್ಸ್, ಆಂಡೊ ಕೆಸ್ಕ್‌ಕುಲಾ ಅದರಲ್ಲಿ ಮುಖ್ಯರು. ಕಲಾ ಸಂಸ್ಥೆಯ ವಿದ್ಯಾರ್ಥಿಗಳು ನಿಜ, ಆದರೆ ಪೇಂಟಿಂಗ್ ವಿಭಾಗದವರಲ್ಲ. ಲಾಪಿನ್ ಓದ್ತಾ ಇದ್ದದ್ದು ವಾಸ್ತುಶಿಲ್ಪ, ಉಳಿದಿಬ್ಬರು ಕೈಗಾರಿಕಾ ವಿನ್ಯಾಸ. ಒಂಥರಾ ನಮ್ಮ ಬಿಇ ಹುಡುಗರು ನಾಟಕ ಮಾಡಿದ ಹಾಗೆ. ಪ್ರದರ್ಶನದ ಹೆಸರು 'ಸೂಪ್ 69'. ಪೋಸ್ಟರ್ ಮೇಲೆ ಸೂಪ್ ಡಬ್ಬಿ. ಹೌದು, ಆಂಡಿ ವಾರ್ಹಾಲ್ 1962ರಲ್ಲಿ 32 ಕ್ಯಾನ್ವಾಸ್ ಮೇಲೆ ಬಿಡಿಸಿದ್ದ ಅದೇ ಕ್ಯಾಂಪ್‌ಬೆಲ್ಸ್ ಡಬ್ಬಿಯ ನೆನಪು ತರೋದು.

"ನೋಡಿದ್ಯಾ, ಕಾಪಿ!" ಅಂತ ನೀವು ಕುಣಿಯೋ ಮೊದಲು ಒಂದು ಪ್ರಶ್ನೆ. ವಾರ್ಹಾಲ್ ಬಿಡಿಸಿದ ಡಬ್ಬಿ ಅಮೆರಿಕದ ಪ್ರತಿ ಅಂಗಡಿಯಲ್ಲೂ ಇತ್ತು. ಅದು ಎಷ್ಟು ಸಾಮಾನ್ಯ ಅಂದ್ರೆ ಯಾರೂ ಅದನ್ನ ನೋಡ್ತಾನೇ ಇರಲಿಲ್ಲ. ಅದಕ್ಕೇ ಆತ ಬಿಡಿಸಿದ. ಟಾಲಿನ್‌ನಲ್ಲಿ ಆ ಡಬ್ಬಿ ಯಾವ ಅಂಗಡಿಯಲ್ಲಿತ್ತು? ಎಲ್ಲೂ ಇರಲಿಲ್ಲ. ಅಲ್ಲಿ ಅಂಗಡಿ ಅಂದ್ರೆ ಸಾಲು. ಇರೋದನ್ನ ತಗೋಬೇಕು, ಇಲ್ಲದ್ದು ಯಾವಾಗ ಬರುತ್ತೆ ಅಂತ ಅಂಗಡಿಯವನಿಗೂ ಗೊತ್ತಿರಲ್ಲ. ಅಮೆರಿಕದಲ್ಲಿ ಆ ಡಬ್ಬಿ ಅಂದ್ರೆ ಹೊಟ್ಟೆ ತುಂಬಿದವರ ಬೇಜಾರು. ಟಾಲಿನ್‌ಗೆ ಬಂದಾಗ ಅದೇ ಡಬ್ಬಿ, ನಮಗೆ ಯಾರೂ ತೋರಿಸದ ಒಂದು ಜಗತ್ತು ಇದೆ ಅನ್ನೋ ಸುದ್ದಿ. ಗೆರೆ ಅದೇ, ಕೆಂಪು ಬಿಳುಪು ಅದೇ, ಅರ್ಥ ತಲೆಕೆಳಗು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫಂಕ್ಷನ್ ಒಂದೇ, ಓಡ್ತಾ ಇರೋ ಮಷೀನ್ ಬೇರೆ, ಔಟ್‌ಪುಟ್ ಪೂರ್ತಿ ಬೇರೆ.

ಅವರಿಗೂ ಇದು ಚೆನ್ನಾಗಿ ಗೊತ್ತಿತ್ತು. ತಮ್ಮ ಕೆಲಸಕ್ಕೆ ಅವರು ಇಟ್ಟುಕೊಂಡ ಹೆಸರೇ 'ಯೂನಿಯನ್ ಪಾಪ್', ಅಂದ್ರೆ ಸೋವಿಯತ್ ಯೂನಿಯನ್ನಿನ ಪಾಪ್. ಮಾರೋಕೆ ಬ್ರಾಂಡ್ ಇಲ್ಲದ ದೇಶದಲ್ಲಿ ಅಲ್ಲಿನ ದಿನಬಳಕೆಯ ವಸ್ತು, ಅಗ್ಗದ ಅಲಂಕಾರ, ಎಲ್ಲೆಲ್ಲೂ ಕಾಣೋ ಸರ್ಕಾರಿ ಗುರುತುಗಳನ್ನೇ ಎತ್ತಿಕೊಂಡು ಪಾಪ್ ಬಣ್ಣ ಬಳಿದರು. ಸೋವಿಯತ್ ಪೋಸ್ಟರ್‌ಗಳಲ್ಲೂ ಬಣ್ಣ ಇರಲಿಲ್ವಾ ಅಂತ ಕೇಳಬಹುದು. ಬೇಕಾದಷ್ಟು ಇತ್ತು, ಕೆಂಪೇ ಕೆಂಪು. ಆದರೆ ಆ ಕೆಂಪಿಗೆ ಒಂದೇ ಅರ್ಥ, ಅದು ಮೊದಲೇ ನಿಗದಿ. ಈ ಹುಡುಗರು ಮಾಡಿದ ತಪ್ಪು ಅಂದ್ರೆ ಕೆಂಪನ್ನ ಆ ಡ್ಯೂಟಿಯಿಂದ ಬಿಡಿಸಿ ಕರ್ಕೊಂಡು ಬಂದದ್ದು. ಅದಕ್ಕೇ ಗ್ಯಾಲರಿಯಲ್ಲಿ ಜಾಗ ಇರಲಿಲ್ಲ, ಕೆಫೆಯಲ್ಲಿತ್ತು.

ಇದೇ ಪೀಳಿಗೆಯ ಬಣ್ಣ ಅನಿಮೇಷನ್ ಒಳಗೂ ನುಗ್ಗಿತು. ರೇಯ್ನ್ ರಾಮಾತ್ 1971ರಲ್ಲಿ ಟಾಲಿನ್‌ಫಿಲ್ಮ್ ಒಳಗೆ ಕಾರ್ಟೂನ್ ವಿಭಾಗ ಕಟ್ಟಿದ. 1974ರಲ್ಲಿ ಬಂದ ಅವನ 'ವ್ಯಾರ್ವಿಲಿಂಡ್' ಅನ್ನೋ ಪುಟ್ಟ ಸಿನಿಮಾದ ಹೆಸರಿನ ಅರ್ಥ ಬಣ್ಣದ ಹಕ್ಕಿ. ಬೂದು ಊರಿಗೆ ಹಕ್ಕಿ ಬಂದು ಬಣ್ಣ ಹಂಚುತ್ತೆ, ಕಥೆ ಅಷ್ಟೇ. ಮಕ್ಕಳ ಸಿನಿಮಾ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ ಅನ್ಸುತ್ತೆ. ಮಕ್ಕಳದ್ದು, ಹಗುರ, ಬರೀ ಬಣ್ಣ ಅಂತ ದೊಡ್ಡವರು ಕಣ್ಣು ತಿರುಗಿಸಿದ ಕಡೆಯಲ್ಲೇ ಎಷ್ಟೋ ಕೆಲಸ ನಡೆದುಹೋಗುತ್ತೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗಕ್ಕೆ ಬರ್ತೀನಿ. ಇದು ಎಂಜಿನಿಯರುಗಳ ಕಥೆ.

ಟಾಲಿನ್‌ನಿಂದ ಸಮುದ್ರದಾಚೆಗೆ ಸುಮಾರು 80 ಕಿಲೋಮೀಟರ್ ದೂರದಲ್ಲಿ ಹೆಲ್ಸಿಂಕಿ ಇದೆ. ಫಿನ್‌ಲೆಂಡ್ ಟಿವಿ ಸಿಗ್ನಲ್‌ಗೆ ಪಾಸ್‌ಪೋರ್ಟ್ ಬೇಕಾಗಲಿಲ್ಲ, ನೇರ ಬಂತು. ಫಿನ್ನಿಶ್ ಭಾಷೆ ಎಸ್ಟೋನಿಯನ್‌ಗೆ ಹತ್ತಿರದ ಸಂಬಂಧಿ, ನಮಗೆ ತೆಲುಗು ತಮಿಳು ಇದ್ದ ಹಾಗೆ. ಕೂತು ನೋಡ್ತಾ ನೋಡ್ತಾ ಕಲಿತರು. ಆದರೆ ಒಂದು ತೊಡಕಿತ್ತು. ಸೋವಿಯತ್ ಟಿವಿ ಸೆಟ್ಟುಗಳಲ್ಲಿ ಚಿತ್ರಕ್ಕೂ ಧ್ವನಿಗೂ ನಡುವೆ ಇದ್ದ ಅಂತರ 6.5 ಮೆಗಾಹರ್ಟ್ಸ್, ಫಿನ್‌ಲೆಂಡಿನದ್ದು 5.5. ಅಂದ್ರೆ ಚಿತ್ರ ಬರುತ್ತೆ, ಮಾತು ಬರಲ್ಲ. ಬಣ್ಣದ ಟಿವಿ ಬಂದ ಮೇಲೆ ಎರಡನೇ ತೊಡಕು: ಸೋವಿಯತ್‌ನದು ಸೆಕಾಮ್ ಪದ್ಧತಿ, ಫಿನ್‌ಲೆಂಡಿನದ್ದು ಪಾಲ್. ಚಿತ್ರ ಬಂದರೂ ಕಪ್ಪು ಬಿಳುಪು. ಬಣ್ಣ ಹೆಲ್ಸಿಂಕಿಯಿಂದ ಹೊರಟು, ಸಮುದ್ರ ದಾಟಿ, ನಿಮ್ಮ ಮನೆಯ ಆಂಟೆನಾಕ್ಕೆ ಬಂದು ಮುಟ್ಟಿದೆ. ಸೆಟ್ಟಿನ ಒಳಗೆ ಮಾತ್ರ ಅದಕ್ಕೆ ಬಾಗಿಲಿಲ್ಲ.

ಜನ ಏನು ಮಾಡಿದರು? ಬೆಸುಗೆ ಕಡ್ಡಿ ಕೈಗೆ ತಗೊಂಡರು. 'ಫಿನ್ನಿಶ್ ಬ್ಲಾಕ್' ಅಂತಲೇ ಹೆಸರಾದ ಪುಟ್ಟ ಸರ್ಕೀಟನ್ನ ಕೈಯಾರೆ ಮಾಡಿ ಟಿವಿಯೊಳಗೆ ಸೇರಿಸಿದರು. ಬಿಡಿಭಾಗ ಹೇಗೋ ಹೊಂದಿಸಿದರು. ಎಲೆಕ್ಟ್ರಾನಿಕ್ಸ್ ಗೊತ್ತಿದ್ದವನಿಗೆ ಬೀದಿಯಲ್ಲೆಲ್ಲ ಮರ್ಯಾದೆ. ನಮ್ಮೂರಲ್ಲಿ ಭಾನುವಾರ ಒಬ್ಬ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸ್ತಾ, ಒಳಗಿಂದ ಎಂಟು ಜನ "ಬಂತು, ಬಂತು, ಹೋಯ್ತು" ಅಂತ ಕೂಗ್ತಾ ಇದ್ದದ್ದು ನೆನಪಾಗಿ ನನಗೆ ನಗು ಬಂತು. ಆದರೆ ನಮಗೆ ಹೆಚ್ಚೆಂದರೆ ಹೆಂಚು ಒಡೆದದ್ದಕ್ಕೆ ಅಜ್ಜನ ಬೈಗುಳ, ಅವರಿಗೆ ಅಷ್ಟು ಸಲೀಸಾಗಿರಲಿಲ್ಲ. 2009ರಲ್ಲಿ ಯಾಕ್ ಕಿಲ್ಮಿ ನಿರ್ದೇಶಿಸಿದ 'ಡಿಸ್ಕೋ ಆಂಡ್ ಅಟಾಮಿಕ್ ವಾರ್' ಅನ್ನೋ ಸಾಕ್ಷ್ಯಚಿತ್ರದಲ್ಲಿ ಈ ಕಥೆ ಪೂರ್ತಿ ಇದೆ. 'ಡಲ್ಲಾಸ್' ಧಾರಾವಾಹಿಗೆ ಒಂದು ಇಡೀ ಊರು ಕಾದು ಕೂರೋದು ಇದೆ. ದಯವಿಟ್ಟು ನೋಡಿ.

ಇಷ್ಟು ಗೊತ್ತಾದ ಮೇಲೆ ಹೇಳಿ. ಬಣ್ಣ ಕಾಣೋಕೆ ಬೆಸುಗೆ ಹಾಕಿದ ಊರಲ್ಲಿ, ಜಾಹೀರಾತಿನ ಕಿತ್ತಳೆ ಹಣ್ಣಿನ ಬಣ್ಣಕ್ಕೆ ಆಸೆಪಟ್ಟು ಬೆಳೆದವರ ಮಕ್ಕಳು, ಮೊಮ್ಮಕ್ಕಳು ಇವತ್ತು ಕ್ಯಾನ್ವಾಸ್ ತುಂಬ ಕಾರ್ಟೂನು, ನಿಯಾನ್ ಬಣ್ಣ ತುಂಬಿದರೆ, ಅದು ಯಾರ ಕಾಪಿ? ಪಾಪ್ ಸಂಸ್ಕೃತಿ ಅವರ ಪಾಲಿಗೆ ಅಮೆರಿಕದ ಆಸ್ತಿ ಆಗಿ ಉಳಿದಿಲ್ಲ, ಮನೆಯ ನೆನಪಾಗಿದೆ. ಸಣ್ಣ ಭಾಷೆಯವರು ದೊಡ್ಡ ಭಾಷೆಯವರದ್ದನ್ನ ಮುಟ್ಟಿದರೆ ಅದು ಅನುಕರಣೆ, ದೊಡ್ಡವರು ಜಪಾನಿನದ್ದೋ ಆಫ್ರಿಕಾದ್ದೋ ಎತ್ತಿಕೊಂಡರೆ ಅದು ಪ್ರಭಾವ. ಈ ಎರಡು ತಕ್ಕಡಿಯ ವ್ಯವಹಾರ ಕನ್ನಡದವರಿಗೆ ನಾನು ಬಿಡಿಸಿ ಹೇಳಬೇಕಾ?

ಅಷ್ಟಕ್ಕೂ ಗಾಢ ಬಣ್ಣ ಎಸ್ಟೋನಿಯಾಕ್ಕೆ ಹೊರಗಿಂದ ಬಂದದ್ದೇ ಅಲ್ಲ. ಮುಹು ಅಂತ ಒಂದು ದ್ವೀಪ ಇದೆ. ಅಲ್ಲಿನ ಹೆಂಗಸರ ಕಸೂತಿ, ಕಾಲುಚೀಲ ನೋಡಬೇಕು ನೀವು. ಕಣ್ಣಿಗೆ ರಾಚೋ ಗುಲಾಬಿ, ಅದರ ಪಕ್ಕದಲ್ಲೇ ಕಿತ್ತಳೆ, ಅದರ ಮೇಲೆ ಹೂವು. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಂಗಡಿಗೆ ರಾಸಾಯನಿಕ ಬಣ್ಣ ಬಂದಾಗ, ಅಯ್ಯೋ ಇದು ನಮ್ಮ ಸಂಪ್ರದಾಯ ಅಲ್ಲ ಅಂತ ಅವರು ಅಳುತ್ತಾ ಕೂರಲಿಲ್ಲ, ಬಾಚಿಕೊಂಡರು. ಇವತ್ತು ಆ ಗುಲಾಬಿಗೆ ದ್ವೀಪದ್ದೇ ಹೆಸರು. ಕಿಹ್ನು ಅನ್ನೋ ಇನ್ನೊಂದು ದ್ವೀಪದಲ್ಲಿ ಪಟ್ಟೆ ಲಂಗ ಉಡ್ತಾರೆ. ಖುಷಿಯಲ್ಲಿರೋ ಹುಡುಗಿಯ ಲಂಗದಲ್ಲಿ ಕೆಂಪು ಜಾಸ್ತಿ, ಸಾವಿನ ಮನೆಯವಳದ್ದರಲ್ಲಿ ಕಪ್ಪು ನೀಲಿ ಜಾಸ್ತಿ. ಲಂಗ ನೋಡಿದರೆ ಮನೆಯ ಸುದ್ದಿ ಗೊತ್ತಾಗುತ್ತೆ. ಬಣ್ಣ ಅಲ್ಲಿ ಬರೀ ಚಂದಕ್ಕೆ ಅಂತ ಯಾರು ಹೇಳಿದ್ದು?

ಹೇಳಿದವರು ಇದ್ದಾರೆ, ಬಹಳ ದೊಡ್ಡವರೇ. 1810ರಲ್ಲಿ ಗಯಟೆ ಬಣ್ಣದ ಬಗ್ಗೆ ದೊಡ್ಡ ಪುಸ್ತಕ ಬರೆದ. ಕಾಡುಜನ, ಓದುಬರಹ ಇಲ್ಲದವರು, ಮಕ್ಕಳು ಇವರಿಗೆಲ್ಲ ಗಾಢ ಬಣ್ಣ ಇಷ್ಟ, ನಾಜೂಕು ಜನ ಅದರಿಂದ ದೂರ ಇರ್ತಾರೆ ಅನ್ನೋ ಅರ್ಥದ ಮಾತು ಅದರಲ್ಲಿದೆ. ಡೇವಿಡ್ ಬ್ಯಾಚಲರ್ ಅನ್ನೋ ಬ್ರಿಟಿಷ್ ಕಲಾವಿದ 2000ದಲ್ಲಿ 'ಕ್ರೋಮೋಫೋಬಿಯಾ' ಅಂತ ಒಂದು ಪುಸ್ತಕ ಬರೆದು ಈ ಕಾಯಿಲೆಯ ಜಾತಕ ಬಿಚ್ಚಿಟ್ಟಿದ್ದಾನೆ. ಪಶ್ಚಿಮದ ಓದಿದ ಜನ ಶತಮಾನಗಳಿಂದ ಬಣ್ಣವನ್ನ ಹೆಂಗಸರದ್ದು, ಮಕ್ಕಳದ್ದು, ಪೂರ್ವದೇಶದವರದ್ದು, ಕೀಳಾದದ್ದು ಅಂತ ಪಕ್ಕಕ್ಕೆ ತಳ್ಳಿದ್ದಾರೆ ಅನ್ನೋದು ಅವನ ವಾದ. ಯೋಚನೆ ಮಾಡಿ. ನಮ್ಮನ್ನ ಕೀಳು ಅಂದವರ ಅಳತೆಗೋಲನ್ನೇ ನಾವು ದುಡ್ಡು ಕೊಟ್ಟು ತಂದು, ಫ್ಲ್ಯಾಟಿನ ಗೋಡೆಗೆಲ್ಲ 'ವಾರ್ಮ್ ಗ್ರೇ' ಬಳಿಸಿ, ಅದಕ್ಕೆ ಟೇಸ್ಟು ಅಂತ ಹೆಸರಿಟ್ಟಿದ್ದೀವಿ.

ಮೊದಲ ಕೆಲಸದ ಮೊದಲ ವಾರ ನಾನು ಗಿಳಿಹಸಿರು ಶರ್ಟ್ ಹಾಕ್ಕೊಂಡು ಹೋಗಿದ್ದೆ. ನಮ್ಮಮ್ಮ ಸಂತೆಯಲ್ಲಿ ಬಟ್ಟೆ ಆರಿಸಿ, ನಮ್ಮೂರ ಟೈಲರ್ ಹತ್ರ ಹೊಲಿಸಿದ್ದು. ಟೀಮಿನ ಹಿರಿಯರೊಬ್ಬರು ಪಕ್ಕಕ್ಕೆ ಕರೆದು, ಬಹಳ ಪ್ರೀತಿಯಿಂದಲೇ, "ಸ್ವಲ್ಪ ಸೋಬರ್ ಕಲರ್ ಹಾಕೋ ಮಾರಾಯ, ಕ್ಲೈಂಟ್ ಬರ್ತಾರೆ" ಅಂದರು. ಬಂದ ಕ್ಲೈಂಟ್ ಹಾಕ್ಕೊಂಡಿದ್ದು ಕೆಂಪು ಪ್ಯಾಂಟು, ಅದು ಬೇರೆ ವಿಷಯ. ರಾಣಿ ಪಿಂಕ್, ಗಿಳಿಹಸಿರು, ಅರಿಶಿನ ಹಳದಿ ಇವನ್ನ 'ಹಳ್ಳಿ ಕಲರ್' ಅಂತ ನಗೋ ಜನವೇ ಸೈಕೆಡೆಲಿಕ್ ಚಿತ್ರ ನೋಡಿ ಟೀ ಶರ್ಟ್ ಪ್ರಿಂಟ್ ಅನ್ನೋದು. ಎರಡೂ ಒಂದೇ ನಗು. ಅದಕ್ಕೇ ಈ ದೂರದ ದೇಶದ ಪೇಂಟರ್‌ಗಳ ಪರವಾಗಿ ನಾನು ಇಷ್ಟು ಉದ್ದ ಜಗಳ ಆಡ್ತಾ ಇರೋದು.

ಇಲ್ಲಿ ನನ್ನ ಕಡೆಯವರ ಜೊತೆಗೂ ಒಂದು ತಕರಾರಿದೆ. ಈ ಚಿತ್ರಗಳನ್ನ ಸಮರ್ಥಿಸೋ ಬುದ್ಧಿವಂತರು ತಕ್ಷಣ ಹಿಡಿಯೋ ದಾರಿ ಅಂದ್ರೆ ಪ್ರತಿಭಟನೆ. "ಇದು ಬರೀ ಬಣ್ಣ ಅಲ್ಲ ಸಾರ್, ಸರ್ವಾಧಿಕಾರದ ವಿರುದ್ಧ ಪ್ರತಿರೋಧ." ನಾನೇ ಮೇಲೆ ಅರ್ಧ ಅದನ್ನೇ ಮಾಡಿದ ಹಾಗೆ ಕಾಣಬಹುದು. ಸೂಪ್ 69ರ ಮಟ್ಟಿಗೆ ಅದು ನಿಜ ಕೂಡ. ಆದರೆ ಈ ವಾದಕ್ಕೆ ಒಂದು ಬಾಲ ಇದೆ: ಪ್ರತಿರೋಧ ಇಲ್ಲದಿದ್ದರೆ ಬಣ್ಣಕ್ಕೆ ಬೆಲೆ ಇಲ್ಲ ಅಂತ ಒಪ್ಪಿಕೊಂಡ ಹಾಗಾಗುತ್ತೆ. ಎಸ್ಟೋನಿಯಾ 1991ರ ಆಗಸ್ಟ್‌ನಲ್ಲಿ ಮತ್ತೆ ಸ್ವತಂತ್ರವಾಯ್ತು. ಅದಾದ ಮೇಲೆ ಹುಟ್ಟಿದವರು ಏನು ಮಾಡಬೇಕು? ಸರ್ವಾಧಿಕಾರಿಯನ್ನ ಬಾಡಿಗೆಗೆ ತರಬೇಕಾ?

ಮಲ್ಲೆ ಲೇಯ್ಸ್ ನನಗೆ ನೆನಪಾಗೋದು ಇದಕ್ಕೇ. 1940ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಪೇಂಟರ್, 'ಆಂಕ್ 64' ಅನ್ನೋ ಗುಂಪಿನಲ್ಲಿದ್ದವರು. ಆಯಮ್ಮ ಬಿಡಿಸಿದ್ದು ಹೂವು, ತರಕಾರಿ, ಕುದುರೆ, ಗೊತ್ತಿರೋರ ಮುಖ. ಹಿಂದೆ ಒಂದೇ ಸಪಾಟು ಬಣ್ಣ, ಮುಂದೆ ಅಂಚು ಕತ್ತರಿಸಿದ ಹಾಗೆ ನಿಂತ ಹೂವು, ಪೋಸ್ಟರಿನ ಹಾಗೆ ಸ್ಪಷ್ಟ. ಘೋಷಣೆ ಇಲ್ಲ, ವ್ಯಂಗ್ಯ ಇಲ್ಲ, ಸೂಪ್ ಡಬ್ಬಿಯೂ ಇಲ್ಲ. ಸಿಲ್ಕ್‌ಸ್ಕ್ರೀನ್‌ನಲ್ಲೂ ಅದನ್ನೇ ಮಾಡಿದರು. ವರ್ಷಗಟ್ಟಲೆ ಅದನ್ನೇ. ಅಲ್ಲಿ ಪ್ರತಿರೋಧ ಹುಡುಕೋರು ಹುಡುಕಿಕೊಳ್ಳಲಿ, ಅಡ್ಡಿಯಿಲ್ಲ. ನನಗೆ ಕಂಡದ್ದು ಒಬ್ಬ ಹೆಂಗಸು ಟ್ಯುಲಿಪ್ ಹೂವನ್ನ ಬಿಡದೆ ನೋಡಿದ್ದು. ಆರು ಗಂಟೆ ಹಗಲಿರೋ ಊರಲ್ಲಿ ಅದಕ್ಕಿಂತ ದೊಡ್ಡ ಕಾರಣ ಯಾಕೆ ಬೇಕು?

ಈಗಿನವರಲ್ಲಿ ಮೆರಿಕೆ ಎಸ್ಟ್ನಾ ಅಂತ ಇದ್ದಾರೆ, 1980ರಲ್ಲಿ ಹುಟ್ಟಿದವರು, ಟಾಲಿನ್ ಮತ್ತು ಲಂಡನ್ನಿನ ಗೋಲ್ಡ್‌ಸ್ಮಿತ್ಸ್‌ನಲ್ಲಿ ಕಲಿತವರು. 2014ರಲ್ಲಿ ಕುಮುನಲ್ಲಿ 'ಐ ಆಮ್ ಎ ಪೇಂಟಿಂಗ್' ಅನ್ನೋ ಪ್ರದರ್ಶನದಲ್ಲಿ ಅವರ ಕೆಲಸ ಇತ್ತು. ಅವರ ಚಿತ್ರ ಚೌಕಟ್ಟಿನಲ್ಲಿ ನಿಲ್ಲಲ್ಲ. ಬಟ್ಟೆಗೆ ಇಳಿಯುತ್ತೆ, ನೆಲಕ್ಕೆ ಹರಿಯುತ್ತೆ. ಅಲಂಕಾರ, ಕೈಕೆಲಸ, ಹೆಂಗಸರ ಕೆಲಸ ಅಂತ ಯಾವುದನ್ನ ಬೈಗುಳದ ಹಾಗೆ ಬಳಸ್ತಾರೋ ಅದೇ ಅವರ ಸಾಮಗ್ರಿ. ಟೀ ಶರ್ಟ್ ಮೇಲೆ ಹಾಕಬಹುದು ಅನ್ನೋರಿಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ. ಹಾಕಿ, ಅದಕ್ಕೇನೀಗ? ಮುಹು ದ್ವೀಪದ ಕಾಲುಚೀಲವನ್ನ ಯಾರೂ ಗಾಜಿನ ಪೆಟ್ಟಿಗೆಗೆ ಅಂತ ಹೆಣೆಯಲಿಲ್ಲ.

ಇನ್ನು ಪ್ರಾಂಪ್ಟ್ ಮಾತು. ಆ ಸಾಫ್ಟ್‌ವೇರ್ ನಾನೂ ಬಳಸ್ತೀನಿ, ಚೆನ್ನಾಗೇ ಇದೆ. ಸೈಕೆಡೆಲಿಕ್ ಪಾಪ್ ಅಂತ ಟೈಪ್ ಮಾಡಿದರೆ ಆ ಪದದ ಜೊತೆ ಇಂಟರ್ನೆಟ್ಟಿನಲ್ಲಿ ಬಿದ್ದಿದ್ದ ಚಿತ್ರಗಳಿಂದ ಕಲಿತದ್ದನ್ನ ಕೂಡಿಸಿ ಕೊಡುತ್ತೆ. ಸಾಮಾನ್ಯವಾಗಿ ಇದು ಹೇಗಿರುತ್ತೆ ಅನ್ನೋ ಪ್ರಶ್ನೆಗೆ ಉತ್ತರ ಅದು. ಆ ಕೆಫೆಯ ಹುಡುಗರ ಪ್ರಶ್ನೆ ಬೇರೆ ಇತ್ತು: ಈ ಡಬ್ಬಿಯನ್ನ ನಮ್ಮ ಸಾಲಿನಲ್ಲಿ ತಂದು ನಿಲ್ಲಿಸಿದರೆ ಏನಾಗುತ್ತೆ? ಅವತ್ತು ಯಾರ ಹತ್ತಿರವೂ ಅದಕ್ಕೆ ಮಾದರಿ ಚಿತ್ರ ಇರಲಿಲ್ಲ.

ಇನ್ನೂ ಒಂದು ತಾಂತ್ರಿಕ ವಿಷಯ, ನಮ್ಮವರಿಗೆ ಇದು ಬೇಗ ಅರ್ಥವಾಗುತ್ತೆ. ನೀವು ಆ ಪೇಂಟಿಂಗ್ ನೋಡಿಲ್ಲ. ನೋಡಿದ್ದು ಅದರ ಜೆಪೆಗ್. ವೆಬ್‌ನಲ್ಲಿ ಓಡಾಡೋ ಬಹುಪಾಲು ಚಿತ್ರಗಳು ಇವತ್ತಿಗೂ ಎಸ್‌ಆರ್‌ಜಿಬಿ ಅನ್ನೋ ಚೌಕಟ್ಟಿನೊಳಗೆ ಇವೆ, 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಅವತ್ತಿನ ಡಬ್ಬಾ ಮಾನಿಟರ್‌ಗಳಿಗೆ ಅಂತ ಮಾಡಿದ್ದು. ಕಣ್ಣಿಗೆ ಕಾಣೋ ಬಣ್ಣಗಳ ನಕ್ಷೆಯಲ್ಲಿ ಅದು ಆವರಿಸೋದು ಸುಮಾರು ಮೂರನೇ ಒಂದು ಭಾಗ. ಅದರಲ್ಲೂ ಫ್ಲೋರೆಸೆಂಟ್ ಪೇಂಟಿನ ಕಥೆಯೇ ಬೇರೆ. ಮಾಮೂಲಿ ಬಣ್ಣ ಮೇಲೆ ಬಿದ್ದ ಬೆಳಕಲ್ಲಿ ಒಂದಿಷ್ಟನ್ನ ನುಂಗಿ ಉಳಿದದ್ದನ್ನ ವಾಪಸ್ ಕೊಡುತ್ತೆ. ಫ್ಲೋರೆಸೆಂಟ್ ಪೇಂಟು ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನೂ ನುಂಗಿ, ಕಾಣೋ ಬೆಳಕಾಗಿ ಉಗುಳುತ್ತೆ. ಅದಕ್ಕೇ ಪಕ್ಕದ ಬಿಳಿ ಗೋಡೆಗಿಂತ ಅದೇ ಹೆಚ್ಚು ಬೆಳಗಿದ ಹಾಗೆ ಕಾಣೋ ಸಾಧ್ಯತೆ ಇದೆ. ಯಾವ ಫೋನಿನ ಫೋಟೋದಲ್ಲೂ ಅದು ಹಾಗೆ ಬರಲ್ಲ. ಗುಲಾಬಿ ಸಪ್ಪೆಯಾಗುತ್ತೆ, ಕಿತ್ತಳೆ ಟೊಮೇಟೊ ಕೆಚಪ್ ಆಗುತ್ತೆ. ಡೇಟಾಬೇಸ್‌ನ ಸ್ಕ್ರೀನ್‌ಶಾಟ್ ನೋಡಿ ಪರ್ಫಾರ್ಮೆನ್ಸ್ ರಿವ್ಯೂ ಮಾಡೋ ಮ್ಯಾನೇಜರ್‌ಗೆ ನೀವು ಏನಂತೀರಿ? ಫೋನಿನಲ್ಲಿ ನೋಡಿ "ಎಐ ಥರ ಇದೆ" ಅಂದವರಿಗೆ ನಾನೂ ಅದನ್ನೇ ಅನ್ನೋದು.

ಕ್ಯಾನ್ವಾಸ್ ಎದುರು ನಿಂತರೆ ಇನ್ನೊಂದು ಕಾಣುತ್ತೆ. ಕಂಪ್ಯೂಟರಿನಲ್ಲಿ ಎಳೆದಷ್ಟು ನುಣುಪು ಅನ್ನಿಸಿದ ಅಂಚಿನಲ್ಲಿ ಕುಂಚದ ಕೂದಲು ಜಾರಿದ ಗುರುತು, ಟೇಪ್ ಕಿತ್ತಾಗ ಎದ್ದ ಸಣ್ಣ ದಿಬ್ಬ, ಒಂದು ಪದರದ ಕೆಳಗೆ ಇಣುಕೋ ಹಳೇ ಹಸಿರು. ಅಷ್ಟು ದೊಡ್ಡ ಗುಲಾಬಿ ಆಕಾಶವನ್ನ ಒಬ್ಬ ಮನುಷ್ಯ ಏಣಿ ಮೇಲೆ ನಿಂತು, ಭುಜ ನೋಯಿಸಿಕೊಂಡು ಬಳಿದಿದ್ದಾನೆ ಅಂತ ಆಗ ಗೊತ್ತಾಗುತ್ತೆ.

ಇಷ್ಟೆಲ್ಲ ವಾದ ಆದ ಮೇಲೆ ಕೊನೆಗೆ ಒಬ್ಬರಾದ್ರೂ ಕೇಳ್ತಾರೆ, "ಸರಿ ಗುರು, ನಿನ್ನ ಮನೇಲಿ ಹಾಕ್ಕೋತೀಯಾ ಇದನ್ನ?" ಹಾಕ್ಕೋತೀನಿ ಕಣ್ರೀ. ಬೆಡ್‌ರೂಮಿನಲ್ಲಲ್ಲ, ಹಾಲ್‌ನಲ್ಲೇ, ಬಾಗಿಲು ತೆಗೆದವರಿಗೆ ಎದುರಿಗೇ ಕಾಣೋ ಹಾಗೆ. ಸದ್ಯಕ್ಕೆ ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ ಅಂತ ಅಗ್ರಿಮೆಂಟಿನಲ್ಲಿ ಬರೆಸಿದ್ದಾರೆ ಓನರ್ ಅಂಕಲ್. ಅವರ ಜೊತೆಗೂ ಮಾತುಕತೆ ನಡೀತಾ ಇದೆ.